ತಿರುಗಣಿ

ಪರದೆಯ ಮೇಲೆ ನಾಲ್ಕು ಚೌಕ.
ಒಂದು, ಇದ್ದಹಾಗೇ ಇಟ್ಟುಕೊಳ್ಳುವುದು.
ಎರಡು, ಪಾಲು ಕೊಟ್ಟು ಬೇರೆ ಹಾಕುವುದು:
ಹೆಸರು ಹೊಸದು, ಸಾಲ ಹಳೆಯದು.
ಮೂರು, ಟೊಲೀಡೊದಲ್ಲಿ ಯಾರೋ ಕೇಳುತ್ತಿದ್ದಾರಂತೆ.
ನಾಲ್ಕನೆಯದಕ್ಕೆ ಸಲಹೆಗಾರ ಹೆಸರಿಟ್ಟಿಲ್ಲ,
ಸುತ್ತ ಚುಕ್ಕಿಗೆರೆ ಎಳೆದಿದ್ದಾನೆ, ಅಷ್ಟೆ.

ಸ್ಯಾಗಿನಾದಿಂದ ಹಿಮದಲ್ಲಿ ಎರಡು ತಾಸು ಓಡಿಸಿಕೊಂಡು ಬಂದ
ಯೂಜಿನ್ ಕ್ರಾಯೆವ್ಸ್ಕಿಯ ಕೋಟಿನ ಜೇಬಲ್ಲಿ
ಒಂದು ತಿರುಗಣಿ. ಕಾರಿನ ಬಾಗಿಲಿನದು,
ಇನ್ನೂ ಎಣ್ಣೆ ವಾಸನೆ.
ಲಕ್ಷ ಸಲ ತೆರೆದು ಮುಚ್ಚಿ ನೋಡಿದ್ದೇವೆ
ಎಂದು ಹೇಳಬೇಕೆಂದಿದ್ದ.
ಯಾರೂ ಕೇಳಲಿಲ್ಲ.

ಹೊರಗಿನವರದು ಹನ್ನೊಂದು ಸೆಂಟು ಅಗ್ಗ
ಎಂದರು ಖರೀದಿ ವಿಭಾಗದ ಹೋಲ್ಕಂಬ್ ಮೇಡಂ.
ಹಿತ್ತಲ ಗಿಡ ಎಲ್ಲಿಯೂ ಮದ್ದಲ್ಲ.
ಆ ಹನ್ನೊಂದು ಸೆಂಟಿನೊಳಗೆ
ಮೂರನೇ ಪಾಳಿಯ ಮಾರ್ವಾಳ ಮೊಣಕೈ ಇತ್ತು,
ಅದರ ಔಷಧದ ಚೀಟಿ,
ಸತ್ತವರ ಹೆಂಡತಿಯರಿಗೆ ಹೋಗುವ ಪಿಂಚಣಿ,
ಗುರುವಾರದ ಬೌಲಿಂಗ್ ಕೂಡ.
ಟಿಪ್ಪಣಿಯಲ್ಲಿ ನಾನು ಬರೆದದ್ದು: ಚರ್ಚಿಸಲಾಯಿತು.

ಊಟಕ್ಕೆ ಎದ್ದರು.
ಯೂಜಿನ್ ಕೊನೆಯವನು, ಅವನ ಹಿಂದೆ ನಾನು.
ಬಾಗಿಲು ಸದ್ದೇ ಇಲ್ಲದೆ ಮುಚ್ಚಿಕೊಂಡಿತು.
ನಿಂತ, ಬಗ್ಗಿ ತಿರುಗಣಿ ಸವರಿ ನೋಡಿದ.
ಯಾರದೋ ಮಾಲು. ನಮ್ಮದಲ್ಲ.
"ಚೆನ್ನಾಗೇ ಮಾಡಿದ್ದಾರೆ," ಅಂದ.