ಮೇಲ್ಮಂಚದ ಸಾಕ್ಷಿ

ಮುಹರ‍್ರಕ್ಕಿನ ಆ ಕೋಣೆಯಲ್ಲಿ ಆರು ಮಂಚ.
ಕೆಳಗೆ ಬೊನಿಫಾಸ್, ಮೇಲೆ ನಾನು, ಇದಿನಬ್ಬ.
ಅವನ ಗೊರಕೆಗೆ ಹೆದರಿ ಇಬ್ಬರು ಕೋಣೆ ಬಿಟ್ಟರು,
ಇನ್ನೊಬ್ಬ ಕಿವಿಗೆ ಹತ್ತಿ ತುರುಕಿ ಸುಬಹಿಯ ಬಾಂಗನ್ನೂ ಕಳೆದುಕೊಂಡ.
ನನಗೆ ಗೊರಕೆಯ ಭಯವಿರಲಿಲ್ಲ.
ಅದು ನಿಲ್ಲುತ್ತಿತ್ತಲ್ಲ, ಅದರದ್ದು.

ನಿಂತರೆ ಎಣಿಸುತ್ತಿದ್ದೆ.
ಹನ್ನೊಂದು, ಹನ್ನೆರಡು.
ತಾರಸಿಯ ಮೇಲೆ ಕೊಚ್ಚಿಯ ವಿಮಾನ ಇಳಿಯುತ್ತದೆ,
ಎಸಿಯ ನೀರು ಎಣ್ಣೆಡಬ್ಬಕ್ಕೆ ತೊಟ್ಟಿಕ್ಕುತ್ತದೆ,
ಇಪ್ಪತ್ತಾರು, ಇಪ್ಪತ್ತೇಳು,
ಗಂಟಲು ಮುಚ್ಚಿದೆ, ಎದೆ ಮಾತ್ರ ಒಳಗೊಳಗೇ ಎಳೆಯುತ್ತಿದೆ
ಬತ್ತಿದ ಬಾವಿಯಲ್ಲಿ ಪಂಪು ಓಡಿದ ಹಾಗೆ.
ಮೂವತ್ತೆಂಟಕ್ಕೆ ಹಿಮ್ಮಡಿಯಿಂದ ಮಂಚದ ಕಬ್ಬಿಣಕ್ಕೆ ಒದೆಯುತ್ತೇನೆ.
ಘೊರ್ ಎಂದು ಅವನು ವಾಪಸು ಬರುತ್ತಾನೆ,
ಎಲ್ಲಿಂದ ಅಂತ ಅವನಿಗೇ ಗೊತ್ತಿಲ್ಲ.
ಬೆಳಿಗ್ಗೆ ದೂರು ನನ್ನ ಮೇಲೆಯೇ:
"ನಿದ್ದೆಯಲ್ಲಿ ಒದೀತೀಯಲ್ಲ ಮಾರಾಯ, ಕತ್ತೆಯ ಹಾಗೆ."

ಆಸ್ಪತ್ರೆಗೆ ಹೋದದ್ದು ಮೂತ್ರದ ಕಲ್ಲು ಹುಡುಕಲು.
ಹೊಕ್ಕುಳದ ಹತ್ತಿರ ಸ್ಕ್ಯಾನಿಂಗ್ ಹುಡುಗಿಯ ಕೈ ನಿಂತಿತು.
ಅಭ್ಯಾಸಬಲ, ನಾನು ಅದನ್ನೂ ಎಣಿಸಿದೆ.

ಹೃದಯದಿಂದ ಇಳಿದು ಬರುವ ಮಹಾಧಮನಿ
ಹೊಟ್ಟೆಯೊಳಗೆ ಒಂದು ಕಡೆ ಉಬ್ಬಿದೆಯಂತೆ,
ನಾಲ್ಕು ಪಾಯಿಂಟ್ ಆರು ಸೆಂಟಿಮೀಟರು.
ಇಪ್ಪತ್ತೆರಡು ವರ್ಷ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವನು
ಪರದೆಯ ಆ ಕಪ್ಪು ಗುಂಡನ್ನು ನೋಡಿ
"ಇದು ನನ್ನದಾ?" ಎಂದ.

ಡಾಕ್ಟರ್ ಜಲೀಲಾ ಕೇಳಿದರು: ಸಿಗರೇಟು? ಹೌದು. ಬಿಪಿ? ಹೌದು.
ರಾತ್ರಿ ಉಸಿರಾಟ?
"ಫಸ್ಟ್ ಕ್ಲಾಸ್."
ಪಕ್ಕದಲ್ಲಿ ಮಲಗುವವರು ಏನು ಹೇಳುತ್ತಾರೆ?
ಅವನಿಗೆ ನಗು ಬಂತು. ಜೆಸಿಂತಾ ಮೂಡುಬೆಳ್ಳೆಯಲ್ಲಿ,
ಎರಡು ವರ್ಷಕ್ಕೆ ನಲವತ್ತೈದು ರಾತ್ರಿ ಅವಳ ಪಾಲು.
ಬಾಗಿಲ ಬಳಿಯ ಕುರ್ಚಿಯಿಂದ ನಾನು
ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಕೈ ಎತ್ತಿದೆ.

ಎಲ್ಲ ಕೇಳಿ ಆಕೆ ಪೆನ್ನು ಕೆಳಗಿಟ್ಟರು.
ಉಸಿರು ಕಟ್ಟಿದಾಗಲೆಲ್ಲ ಎದೆ ಜಗ್ಗುತ್ತದೆ, ರಕ್ತದ ಒತ್ತಡ ಜಿಗಿಯುತ್ತದೆ,
ನಾಳದ ಗೋಡೆಗೆ ರಾತ್ರಿಯಿಡೀ ಗುದ್ದು.
ಅದಕ್ಕೂ ಇದಕ್ಕೂ ನಂಟು ಇರಬಹುದು.
ಇಲ್ಲದೆಯೂ ಇರಬಹುದು. ಪೂರ್ತಿ ಲೆಕ್ಕ ಇನ್ನೂ ಯಾರ ಬಳಿಯೂ ಇಲ್ಲ.
ನನ್ನ ಬಳಿ ಇದೆ ಎನ್ನಲು ಬಾಯಿವರೆಗೆ ಬಂತು.

ಬಸ್ಸಿನಲ್ಲಿ ಬೊನಿಫಾಸ್ ಕಿಟಕಿಗೆ ಹೇಳಿದ:
ಉಪ್ಪುನೀರು ಸಿಹಿ ಮಾಡುವ ನಮ್ಮ ಪ್ಲಾಂಟಿನಲ್ಲಿ
ಪೈಪು ಉಬ್ಬಿದರೆ ವಾಲ್ವು ಮುಚ್ಚುತ್ತೇವೆ,
ಚಾಕಿನಿಂದ ಸುತ್ತು ಹಾಕಿ ದಿನಾಂಕ ಬರೆಯುತ್ತೇವೆ.
ಇದಕ್ಕಾದರೆ ಆರು ತಿಂಗಳು ಬಿಟ್ಟು ಬಾ ಅಂತಾರೆ, ನೀರು ಬಿಟ್ಟುಕೊಂಡೇ.
ಆಮೇಲೆ, ಇಳಿಯುವ ಮುಂಚೆ:
"ಜೆಸಿಂತಾಳ ಹತ್ತಿರ ಉಸಿರೆತ್ತಬೇಡ."

ಕೋಣೆಯವರೆಲ್ಲ ಸೇರಿ ಸೆಕೆಂಡ್‌ಹ್ಯಾಂಡ್ ಯಂತ್ರ ತಂದೆವು.
ಅದರ ಬೆನ್ನಿಗೆ ಇನ್ಯಾರದ್ದೋ ಹೆಸರಿನ ಚೀಟಿ,
ಕಿತ್ತರೂ ಅರ್ಧ ಉಳಿದಿದೆ.
ಮೂಗಿಗೆ ಮುಸುಕು, ಮುಸುಕಿಗೆ ಕೊಳವೆ.
ಈಗ ಗೊರಕೆಯಿಲ್ಲ. ಸಣ್ಣದೊಂದು ಗಾಳಿ,
ಅಲ್ಲಿ ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವಂತೆ.

ಕೋಣೆ ಬಿಟ್ಟವರಲ್ಲಿ ಒಬ್ಬ ವಾಪಸು ಬಂದ.
ಎಲ್ಲರಿಗೂ ನಿದ್ದೆ.
ನನ್ನ ಹಿಮ್ಮಡಿ ಮಾತ್ರ ಇಪ್ಪತ್ತೇಳರ ಹತ್ತಿರ ಎಚ್ಚರಾಗುತ್ತದೆ,
ಮಾಡಲು ಕೆಲಸವಿಲ್ಲದೆ.
ಕೆಳಗೆ ಬಗ್ಗಿ ನೋಡುತ್ತೇನೆ:
ಬನಿಯನ್ನಿನ ಮೇಲೆ, ಹೊಕ್ಕುಳದ ಸುತ್ತ, ಬಿಳಿ ಚಾಕಿನ ಗೆರೆ.
ತಮಾಷೆಗೆ ಎಳೆದುಕೊಂಡದ್ದು, ದಿನಾಂಕ ಸಮೇತ.
ಏರುತ್ತಿದೆ. ಇಳಿಯುತ್ತಿದೆ.
ಒಂದು.