ನಲವತ್ತನೇ ಕೋಲು

ನಾಲ್ಕು ಕೊಳವೆಬಾವಿಗಳ ಲೆಕ್ಕ ಹಿಡಿದು
ಬಾಯಾರಿನ ಗುಡ್ಡವನ್ನು ಪರದೆಯಲ್ಲಿ ಕಟ್ಟಿದೆ.
ಮುರಕಲ್ಲಿಗೆ ಕೆಂಪು, ಜೇಡಿಗೆ ಹಳದಿ,
ತಳದ ಕರಿಗಲ್ಲಿಗೆ ಬೂದು.
ನಡುವೆ ಗೊತ್ತಿಲ್ಲದ್ದಕ್ಕೂ ಅವೇ ಬಣ್ಣ.
ಬೆರಳಾಡಿಸಿದರೆ ತಿರುಗುತ್ತದೆ,
ಮಗುಚಿದರೂ ಹನಿ ಚೆಲ್ಲದು.

ಸುರಂಗ ತೋಡುವ ಕುಂಞಣ್ಣ
ಕನ್ನಡಕ ಹಣೆಗೇರಿಸಿ, ತೀರಾ ಹತ್ತಿರ ಬಗ್ಗಿದರು.
"ಜೇಡಿ ಇಷ್ಟು ನುಣ್ಣಗೆ ಹೋಗುದಿಲ್ಲ ಮಗಾ.
ನಲವತ್ತನೇ ಕೋಲಿಗೆ ಎಡಕ್ಕೆ ಮುರಿತದೆ.
ಚನಿಯನ ಮೇಣದಬತ್ತಿ ನಂದಿದ್ದು ಅಲ್ಲೇ."

ಮತ್ತೆ ಮಾತಿಲ್ಲ.
ಅಂಗೈಯನ್ನು ಪಂಚೆಗೆ ಒರೆಸಿಕೊಂಡರು.

ಮೂವತ್ತು ಮೀಟರು, ಹೆಚ್ಚುಕಮ್ಮಿ.
ಒಂದು ಚುಕ್ಕಿ ಇಟ್ಟೆ.
ಗುಡ್ಡ ಒಳಗೊಳಗೇ ಹೊರಳಿತು,
ಹಳದಿ ಪದರ ಮಡಚಿ ಎಡಕ್ಕೆ ಬಿತ್ತು.

ಮಾಹಿತಿಯ ಮೂಲ? ಯಂತ್ರ ಕೇಳುತ್ತಿದೆ.
ಖಾಲಿ ಚೌಕದೊಳಗೆ ಕರ್ಸರ್
ಆರುತ್ತ, ಹೊತ್ತುತ್ತ.