ಟವೆಲ್ಲಿನ ಕೆಳಗೆ

ಕೊರಿಯಾದಿಂದ ಎರಡು ಕಾಗದ ಬಂದಿವೆ.
ಬಂದಿದ್ದು ಫೋನಿಗೆ; ಕಾಗದ ಮಾಡಿದ್ದು
ದಿಬ್ಬೂರಹಳ್ಳಿ ರಸ್ತೆಯ ಝೆರಾಕ್ಸ್ ಅಂಗಡಿ, ಪುಟಕ್ಕೆ ಮೂರು ರೂಪಾಯಿ.
ಒಂದು ಹನ್ನೊಂದು ಪುಟ, ಇನ್ನೊಂದು ನಾಲ್ಕೇ.

ನಾಲ್ಕು ಪುಟದ್ದು ಅಕಾಡೆಮಿ, ಖಾಸಗಿ.
ಏಳನೇ ಮಹಡಿ, ಕೆಳಗೆ ಹಲ್ಲಿನ ಡಾಕ್ಟರು, ಅದರ ಕೆಳಗೆ ಕರಿದ ಕೋಳಿ.
ಮಧ್ಯಾಹ್ನ ಎರಡಕ್ಕೆ ಶುರು, ಬಿಡೋದು ರಾತ್ರಿ ಒಂಬತ್ತೂವರೆ.
ಅಮ್ಮಿ ಸಂಬಳವನ್ನು ರೂಪಾಯಿಗೆ ತಿರುಗಿಸಿ
ಎರಡು ಸಲ ಲೆಕ್ಕ ಹಾಕಿದಳು. ಎರಡು ಸಲವೂ ಇದೇ ಹೆಚ್ಚು.
ಅಕಾಡೆಮಿ ಮುಚ್ಚಿದರೆ ವೀಸಾನೂ ಮುಚ್ಚುತ್ತೆ ಅನ್ನೋದು
ಮೂರನೇ ಪುಟದ ತಳದಲ್ಲಿತ್ತು, ಸಾಸಿವೆಯಷ್ಟು ಅಕ್ಷರದಲ್ಲಿ.

ಹನ್ನೊಂದು ಪುಟದ್ದು ಸರ್ಕಾರಿ ಶಾಲೆ.
ದ್ವೀಪ. ದೋಣಿಯಲ್ಲಿ ಐವತ್ತು ನಿಮಿಷ. ನಲವತ್ತಮೂರು ಮಕ್ಕಳು.
ಚಳಿಗಾಲದ ರಜೆಯಲ್ಲಿ, ಮಕ್ಕಳೇ ಇಲ್ಲದ ಶಾಲೆಗೆ ಹೋಗಿ
ಎಂಟು ಗಂಟೆ ಕುರ್ಚಿ ಬೆಚ್ಚಗಿಡಬೇಕು.
ಅದಕ್ಕೂ ಸಂಬಳ.

ನಗು ಬಂತು.
ಎರಡು ವರ್ಷ ಅತಿಥಿ ಶಿಕ್ಷಕಿ ನಾನು, ಇಲ್ಲೇ ಹೈಸ್ಕೂಲಲ್ಲಿ.
ಎಪ್ಪತ್ತೆರಡು ಮಕ್ಕಳ ಕೋಣೆ, ಜೂನ್ ಸಂಬಳ ದೀಪಾವಳಿಗೆ,
ಬೇಸಿಗೆಯಲ್ಲಿ ಶಾಲೆ ಇಲ್ಲ, ಆದ್ದರಿಂದ ನಾನೂ ಇಲ್ಲ.
ಕಡೇ ಬೆಂಚಿನ ಮುನಿಲಕ್ಷ್ಮಿ ಒಮ್ಮೆ ಎದ್ದು ನಿಂತು,
ಮಿಸ್, ನೈಫಿನಲ್ಲಿ ಆ ಕೆ ಯಾಕೆ ಸುಮ್ಮನೆ ಕೂತಿದೆ,
ಅದಕ್ಕೂ ಸಂಬಳ ಬಂದಿಲ್ವಾ, ಅಂದಿದ್ದಳು.
ಹೆಡ್‌ಮಾಸ್ಟರು ಚೌಡರೆಡ್ಡಿ ಬಾಗಿಲಲ್ಲಿದ್ದರು, ಕೇಳದವರ ಹಾಗೆ ಹೋದರು.

ಸಂಜೆ ಚಿಕ್ಕಬಳ್ಳಾಪುರದ ಕೋಚಿಂಗು.
ತಿಂಗಳ ಒಂದನೇ ತಾರೀಕು ಕವರಿನಲ್ಲಿ ದುಡ್ಡು, ತಪ್ಪಿಲ್ಲ, ಸುಳ್ಳು ಹೇಳಬಾರದು.
ಆದರೆ ಬೋರ್ಡಿನಲ್ಲಿ ಮುಬೀನಾ ಹೋಗಿ ಮಿಸ್ ಮೋನಾ ಆಗಿದ್ದೆ,
ಪೋಷಕರ ಬಾಯಿಗೆ ಸುಲಭ ಅಂತ.
ಹಾಗಾಗಿ ಎರಡೂ ದೇಶ ನಾನು ಆಗಲೇ ನೋಡಿದವಳು,
ಹೆಂಗಸರ ಉಚಿತ ಬಸ್ಸಿನಲ್ಲಿ, ದಿನಾ.

ಅಕಾಡೆಮಿಯ ಡೈರೆಕ್ಟರು ಪರದೆಯಲ್ಲಿ ಬಹಳ ಮರ್ಯಾದಸ್ಥರು.
ತಲೆ ಮೇಲೆ ದುಪಟ್ಟಾ ಇಲ್ಲದ ಇನ್ನೊಂದು ಫೋಟೋ ಇದೆಯೇ ಅಂದರು.
ಊರು ಯಾವುದು ಅಂತ ಕೇಳಲಿಲ್ಲ.

ದ್ವೀಪದ ಟೀಚರು ಹ್ವಾಂಗ್ ಕೇಳಿದರು.
ಶಿಡ್ಲಘಟ್ಟ ಅಂದೆ. ಅದು ಅವರ ನಾಲಿಗೆಗೆ ಸಿಕ್ಕಲಿಲ್ಲ.
ರೇಷ್ಮೆ ಗೂಡು, ಅಂದೆ.
ಆ ಹೆಂಗಸು ಕುರ್ಚಿಯಿಂದ ಎದ್ದೇಬಿಟ್ಟರು. ಚಿಕ್ಕಂದಿನಲ್ಲಿ
ಶಾಲೆ ಬಿಟ್ಟ ಮೇಲೆ ಕಾಗದದ ಲೋಟದಲ್ಲಿ ಬೇಯಿಸಿದ ಪ್ಯೂಪಾ,
ಕಡ್ಡಿಯಲ್ಲಿ ಚುಚ್ಚಿ ತಿನ್ನುತ್ತಿದ್ದೆವು, ಅದೇ ತಾನೇ, ಅದೇ ತಾನೇ ಅಂತ.
ನಮ್ಮ ಬೀದಿಗೆ ಬಂದ ನೆಂಟರೆಲ್ಲ ಮೂಗು ಮುಚ್ಚುವ ಆ ವಾಸನೆಗೆ
ಸಮುದ್ರದಾಚೆ ಒಬ್ಬರ ಬಾಯಲ್ಲಿ ನೀರೂರಿತು.
ನನಗೆ ಏನು ಹೇಳಬೇಕೋ ತಿಳಿಯದೆ
ವ್ಯಾಕರಣ ತಪ್ಪಿತು. ಅವರದೂ ತಪ್ಪಿತು.

ಅಬ್ಬಾ ಮೂವತ್ತು ವರ್ಷ ಬಿಸಿನೀರಿನ ಬೇಸಿನ್ನಿನಲ್ಲಿ
ಗೂಡಿನ ಎಳೆ ಹುಡುಕಿದವರು. ಬೆರಳಿನ ಗೆರೆಗಳು ಕರಗಿ ಹೋಗಿ
ರೇಷನ್ ಅಂಗಡಿಯ ಯಂತ್ರ ಅವರನ್ನು ಒಪ್ಪೋದಿಲ್ಲ,
ಮತ್ತೊಮ್ಮೆ ಇಡಿ, ಮತ್ತೊಮ್ಮೆ ಇಡಿ.
ನನ್ನನ್ನು ಆ ನೀರಿನ ಹತ್ತಿರ ಬಿಟ್ಟಿರಲಿಲ್ಲ.
ಪಾಸ್‌ಪೋರ್ಟ್ ಆಫೀಸಿನಲ್ಲಿ ನನ್ನ ಹತ್ತೂ ಬೆರಳು
ಒಂದೇ ಸಲಕ್ಕೆ ಹಸಿರು ದೀಪ ಹಚ್ಚಿದವು.

ಮಗ್ರಿಬ್ ಆದ ಮೇಲೆ ಕೇಳಿದರು: ಯಾವುದು?
ಬಾಯಿ ತೆರೆದೆ. ಬೇಡ, ಅಂದರು.
ಹೆಗಲ ಟವೆಲ್ಲು ತೆಗೆದು ನಮ್ಮಿಬ್ಬರ ಕೈಮೇಲೆ ಹೊದಿಸಿದರು,
ಮಾರ್ಕೆಟ್ಟಿಗೆ ಪರದೆ, ಮೊಬೈಲು ಬರೋದಕ್ಕೆ ಮುಂಚೆ
ಗೂಡಿನ ರೇಟು ಕುದುರುತ್ತಿದ್ದ ಹಾಗೆ.
ಬೆರಳು ಹಿಡಿದು ಹೇಳು.

ಹಿಡಿದೆ.
ನುಣ್ಣಗಿತ್ತು, ಸೋಪಿನ ಚೂರಿನ ಹಾಗೆ.
ಕಡಿಮೆ ರೇಟು, ಅಂದರು ಅಬ್ಬಾ. ನಷ್ಟದ ವ್ಯಾಪಾರ.
ಬಿಡಲಿಲ್ಲ ನಾನು. ಇನ್ನೊಂದು ಬೆರಳು ಸೇರಿಸಲೂ ಇಲ್ಲ.
ಒಲೆಯ ಮುಂದಿದ್ದ ಅಮ್ಮಿಗೆ ಕಂಡಿದ್ದು
ಟವೆಲ್ಲು ಅಲುಗಿದ್ದಷ್ಟೇ.

ಸ್ವಲ್ಪ ಹೊತ್ತಾದ ಮೇಲೆ, ಟವೆಲ್ಲು ಕೊಡವುತ್ತಾ,
ಆ ದ್ವೀಪದಲ್ಲಿ ಹಿಪ್ಪುನೇರಳೆ ಬೆಳೆಯುತ್ತಾ
ಅಂತ ಕೇಳು, ಅಂದರು.